ಸಾವನದುರ್ಗ, ಹಂಪಿ, ಬಾದಾಮಿ ಒಂದೇ ಸುತ್ತಲ್ಲಿ: ಕಾಲಿಗೇನು ಹಾಕ್ಕೋಬೇಕು

ಸಾವನದುರ್ಗದಲ್ಲಿ ಶುರು ಮಾಡಿ, ಹಂಪಿ ನೋಡ್ಕೊಂಡು, ಬಾದಾಮೀಲಿ ಮುಗಿಸೋ ಸುತ್ತಿಗೆ ಹೊರಡೋರು ಟ್ರೈನು, ರೂಮು, ಊಟ ಎಲ್ಲಾ ಮೊದಲೇ ವಿಚಾರಿಸ್ಕೋತಾರೆ, ಶೂ ಮಾತ್ರ ಹಿಂದಿನ ದಿನ ರಾತ್ರಿ ನೆನಪಾಗುತ್ತೆ. ನಾವೊಂದು ಗುಂಪು ಈ ಚಳಿಗಾಲದಲ್ಲಿ ಹೋಗಿಬಂದ್ವಿ. ಅರ್ಧ ಜನ ಹತ್ತೋರು, ಇನ್ನರ್ಧ ಬರೀ ನಡೆಯೋರು, ಕಾಲಲ್ಲಿ ಒಬ್ಬೊಬ್ಬರದ್ದು ಒಂದೊಂದು ಥರ. ಅದನ್ನ ನೋಡಿದ ಮೇಲೆ ನನಗನ್ಸಿದ್ದು, ನಮ್ಮ ಬಯಲುಸೀಮೆ ಬಂಡೆಗಳಿಗೆ ಶೂ ತಗೊಳ್ಳುವಾಗ ನೋಡ್ಬೇಕಾದ್ದು ಸೋಲ್‌ನ ರಬ್ಬರು, ಅದು ಸರಿ ಇದ್ರೆ ಮಿಕ್ಕಿದ್ದು ಹೇಗೋ ನಡೆಯುತ್ತೆ.

ಅಂಥಾ ರಬ್ಬರ್ ಇರೋದು ಅಪ್ರೋಚ್ ಶೂನಲ್ಲಿ, ಇಲ್ಲಿ ಹೇಳ್ತಿರೋದೂ ಅದರ ಬಗ್ಗೇನೇ. ಅಪ್ರೋಚ್ ಶೂ ಅಂದ್ರೆ ಗೊತ್ತಿಲ್ದೋರಿಗೆ: ಕ್ಲೈಂಬಿಂಗ್ ಮಾಡೋ ಬಂಡೆವರೆಗೂ ನಡ್ಕೊಂಡು ಹೋಗೋಕೆ, ದಾರೀಲಿ ಸಣ್ಣಪುಟ್ಟ ಬಂಡೆ ಸಿಕ್ಕಿದ್ರೆ ಹತ್ತಿ ದಾಟೋಕೆ ಮಾಡಿರೋ ಶೂ. ನೋಡೋಕೆ ಸ್ನೀಕರ್ ಥರ, ಆದ್ರೆ ಅಡೀಲಿ ಕ್ಲೈಂಬಿಂಗ್ ಶೂನಲ್ಲಿರೋ ಜಾತಿಯ ಅಂಟೋ ರಬ್ಬರು. 1985ರಲ್ಲಿ ಅಮೆರಿಕದ ಫೈವ್ ಟೆನ್ ಕಂಪನಿಯವ್ರು ಫೈವ್ ಟೆನಿ ಅಂತ ಒಂದು ಬಿಟ್ರಲ್ಲ, ಅಲ್ಲಿಂದ ಈ ಜಾತಿ ಶುರುವಾಯ್ತು ಅಂತಾರೆ. ಆ ಕಂಪನೀನ 2011ರಲ್ಲಿ ಅಡಿಡಾಸ್ ಕೊಂಡ್ಕೊಳ್ತು. ಈಗ ಇಟಲಿಯ ಲಾ ಸ್ಪೋರ್ಟಿವಾ, ಸ್ಕಾರ್ಪಾ ಎಲ್ಲರೂ ಮಾಡ್ತಾರೆ.

ಮೊದಲು ಸಾವನದುರ್ಗ. ಬೆಂಗಳೂರಿಂದ ಪಶ್ಚಿಮಕ್ಕೆ 60 ಕಿ.ಮೀ. ಆಸುಪಾಸು, ಬಸ್ಸಲ್ಲಾದ್ರೆ ಮಾಗಡಿವರೆಗೂ ಹೋಗಿ ಅಲ್ಲಿಂದ ಲೋಕಲ್ ಬಸ್ಸೋ ಆಟೋನೋ ಹಿಡೀಬೇಕು. ಟ್ರೆಕ್ಕಿಂಗ್ ಅನುಮತಿ ಅರಣ್ಯ ಇಲಾಖೆದು, ಆನ್‌ಲೈನ್‌ನಲ್ಲಿ ಮೊದಲೇ ಬುಕಿಂಗ್ ನೋಡ್ಕೊಂಡು ಹೊರಡಿ, ಭಾನುವಾರ ಆದಷ್ಟು ಬಿಟ್ಬಿಡಿ. ಕರಿಗುಡ್ಡ, ಬಿಳಿಗುಡ್ಡ ಅಂತ ಎರಡು, ಎಲ್ಲರೂ ಹತ್ತೋದು ಕರಿಗುಡ್ಡ, ಸಮುದ್ರಮಟ್ಟದಿಂದ 1,226 ಮೀಟರ್, ತುದೀಲಿ ನಂದಿ ಮಂಟಪ. ಕೆಳಗೆ ವೀರಭದ್ರಸ್ವಾಮಿ ದೇವಸ್ಥಾನ, ನರಸಿಂಹಸ್ವಾಮಿ ದೇವಸ್ಥಾನ. ಮೇಲೆ ಕುಡಿಯೋ ನೀರಿಲ್ಲ, ಒಬ್ಬೊಬ್ಬರು ಎರಡು ಲೀಟರಾದ್ರೂ ಹೊತ್ಕೋಬೇಕು.

ಇಲ್ಲಿ ಮಣ್ಣಿನ ದಾರಿ ಅನ್ನೋದು ಸ್ವಲ್ಪ ಹೊತ್ತು ಅಷ್ಟೇ, ಆಮೇಲೆಲ್ಲಾ ಇಳಿಜಾರು ಗ್ರಾನೈಟ್ ಬಂಡೆ. ಕೈಗೆ ಹಿಡಿಯೋಕೇನೂ ಇರಲ್ಲ, ಪಾದಾನ ಬಂಡೆಗೆ ಚಪ್ಪಟೆಯಾಗಿ ಒತ್ತಿ ರಬ್ಬರ್ ಹಿಡಿತದ ಮೇಲೆ ನಂಬಿಕೆ ಇಟ್ಟು ಹೆಜ್ಜೆ ಹಾಕ್ಬೇಕು, ಹತ್ತೋರು ಇದಕ್ಕೆ ಸ್ಮಿಯರಿಂಗ್ ಅಂತಾರೆ. ನಮ್ಮ ಜೊತೆ ಬಂದಿದ್ದ ಒಬ್ಬರದ್ದು ಒಳ್ಳೇ ದುಬಾರಿ ಟ್ರೆಕ್ಕಿಂಗ್ ಬೂಟು, ಅಡೀಲಿ ಟ್ರ್ಯಾಕ್ಟರ್ ಟೈರ್ ಥರ ಹಲ್ಲುಗಳು. ಕೆಸರಲ್ಲಿ ಆ ಹಲ್ಲುಗಳು ಭರ್ಜರಿ ಕೆಲಸ ಮಾಡುತ್ವೆ, ಬಂಡೆ ಮೇಲೆ ಮಾತ್ರ ಉಲ್ಟಾ, ಯಾಕಂದ್ರೆ ಬಂಡೆಗೆ ತಾಗೋದು ಹಲ್ಲಿನ ತುದಿ ಮಾತ್ರ, ಮಧ್ಯದ ಜಾಗವೆಲ್ಲ ಖಾಲಿ, ಮೇಲಾಗಿ ಆ ರಬ್ಬರು ಬಾಳಿಕೆಗೋಸ್ಕರ ಗಟ್ಟಿ ಮಾಡಿರ್ತಾರೆ. ಗ್ರಾನೈಟ್ ಮೇಲ್ಮೈ ಹತ್ತಿರದಿಂದ ನೋಡಿದ್ರೆ ಸಣ್ಣ ಸಣ್ಣ ಹರಳು, ಮೆತ್ತನೆ ರಬ್ಬರು ಆ ಹರಳುಗಳ ಸಂದೀಲಿ ಇಳಿದು ಕಚ್ಕೊಳ್ಳುತ್ತೆ, ಗಟ್ಟಿ ರಬ್ಬರು ಮೇಲೇ ಜಾರುತ್ತೆ. ಪಾಪ ಅವರು ಇಳಿಯುವಾಗ ಅರ್ಧ ಗುಡ್ಡ ಕೂತ್ಕೊಂಡೇ ಜಾರ್ಕೊಂಡು ಬಂದ್ರು, ಪ್ಯಾಂಟಿನ ಕಥೆ ಕೇಳ್ಬೇಡಿ.

ಹಾಗಂತ ಶೂ ಒಂದೇ ಕಾಪಾಡುತ್ತೆ ಅಂತೇನಿಲ್ಲ. ಇಳಿಯುವಾಗ ಹೆದರಿಕೆಗೆ ಎಲ್ಲರೂ ಹಿಂದಕ್ಕೆ ವಾಲ್ತಾರೆ, ವಾಲಿದ್ರೆ ಭಾರ ಹಿಮ್ಮಡಿಗೆ ಹೋಗಿ ಸುಯ್ಯಂತ ಜಾರುತ್ತೆ. ಮೊಣಕಾಲು ಸ್ವಲ್ಪ ಬಗ್ಗಿಸಿ, ಪಾದ ಪೂರ್ತಿ ಊರಿ, ಸಣ್ಣ ಹೆಜ್ಜೆ ಇಡಿ. ಮಣ್ಣಿಂದ ಬಂಡೆಗೆ ಕಾಲಿಡೋ ಮುಂಚೆ ಸೋಲ್‌ನ ಪ್ಯಾಂಟಿಗೋ ಬಟ್ಟೆಗೋ ಒರೆಸ್ಕೊಳ್ಳಿ, ಧೂಳು ಕೂತ್ರೆ ಎಂಥಾ ರಬ್ಬರೂ ಕೆಲಸಕ್ಕೆ ಬರಲ್ಲ. ಮಳೆನೀರು ಹರಿದು ಕಪ್ಪು ಪಟ್ಟೆ ಆಗಿರುತ್ತಲ್ಲ, ಅಲ್ಲಿ ಪಾಚಿ ಇರುತ್ತೆ, ಒಣಗಿದ್ರೂ ಪುಡಿಪುಡಿಯಾಗಿ ಜಾರುತ್ತೆ, ಅದರ ಮೇಲೆ ಹೆಜ್ಜೆ ಬೇಡ. ಮಳೆ ಬಂದ್ರಂತೂ ಮಾತೇ ಇಲ್ಲ, ವಾಪಸ್.

ಹಗ್ಗ ಹಾಕ್ಕೊಂಡು ಹತ್ತೋರಿಗೆ ಸಾವನದುರ್ಗದಲ್ಲಿ ಇನ್ನೊಂದು ವಿಷಯ. ಇಲ್ಲಿನ ಉದ್ದನೆ ರೂಟ್‌ಗಳು, ಬೆಳದಿಂಗಳು ಅನ್ನೋದು ಅದ್ರಲ್ಲಿ ಫೇಮಸ್ಸು, ಹತ್ತಿ ಮೇಲೆ ಮುಟ್ಟಿದ್ಮೇಲೆ ಜನ ನಡ್ಕೊಂಡೇ ಇಳೀತಾರೆ. ಅಂದ್ರೆ ನಡೆಯೋ ಶೂ ನಿಮ್ಮ ಜೊತೆಗೇ ಮೇಲೆ ಬರ್ಬೇಕು, ಕ್ಲೈಂಬಿಂಗ್ ಶೂನಲ್ಲಿ ಅಷ್ಟು ದೂರ ಇಳಿದ್ರೆ ಬೆರಳುಗಳು ನಿಮ್ಮನ್ನ ಕ್ಷಮಿಸಲ್ಲ. ಈಗ ಹಗುರ ಅನ್ನೋದ್ರ ಬೆಲೆ ಗೊತ್ತಾಗೋದು. ಲಾ ಸ್ಪೋರ್ಟಿವಾ ಟಿಎಕ್ಸ್ 2 ಥರದ್ದು ಒಂದು ಕಾಲಿಂದು ಸುಮಾರು 280 ಗ್ರಾಂ, ಎರಡನ್ನೂ ಒಂದಕ್ಕೊಂದು ಅಂಟಿಸಿ ಕಟ್ಟೋಕೆ ಎಲಾಸ್ಟಿಕ್ ದಾರ ಬೇರೆ ಕೊಟ್ಟಿರ್ತಾರೆ, ಹಾರ್ನೆಸ್ (ಹಗ್ಗ ಕಟ್ಟೋಕೆ ಸೊಂಟಕ್ಕೆ ಹಾಕೋ ಪಟ್ಟಿ) ಹಿಂದೆ ನೇತಾಕಿದ್ರೆ ಇದೆ ಅಂತಾನೇ ಗೊತ್ತಾಗಲ್ಲ. ಬೂಟಾದ್ರೆ ಜೋಡಿ ಒಂದು ಕೆ.ಜಿ. ದಾಟುತ್ತೆ. ಹಿಮ್ಮಡಿ ಹತ್ರ ಗಟ್ಟಿ ಲೂಪ್ ಇದೆಯಾ ನೋಡಿ ತಗೊಳ್ಳಿ, ಕೆಲವು ಶೂನಲ್ಲಿ ಅದು ಬರೀ ಶೋಕಿಗೆ ಇರುತ್ತೆ, ಭಾರ ಬಿದ್ರೆ ಹೊಲಿಗೆ ಬಿಡುತ್ತೆ.

ಆದ್ರೆ ಅತೀ ಹಗುರದ್ದಕ್ಕೆ ಇನ್ನೊಂದು ಮುಖ ಇದೆ, ಅದು ಗೊತ್ತಾಗಿದ್ದು ಉತ್ತರಕ್ಕೆ ಹೋದ್ಮೇಲೆ. ಮುಳ್ಳು.

ಬೆಂಗಳೂರಿಂದ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದ್ರೆ ಬೆಳಿಗ್ಗೆ ಹೊಸಪೇಟೆ, ಅಲ್ಲಿಂದ ಹಂಪಿ 13 ಕಿ.ಮೀ. ಬೋಲ್ಡರಿಂಗ್, ಅಂದ್ರೆ ಹಗ್ಗ ಇಲ್ದೆ ಗಿಡ್ಡ ಬಂಡೆ ಹತ್ತೋದು, ಅದನ್ನ ಮಾಡೋರು ಸಾಮಾನ್ಯವಾಗಿ ತುಂಗಭದ್ರೆಯ ಆಚೆ ದಡದಲ್ಲಿ, ಸಾಣಾಪುರ, ಆನೆಗೊಂದಿ ಕಡೆ ಉಳ್ಕೋತಾರೆ. ವಿರೂಪಾಪುರ ಗಡ್ಡೇಲಿ ಮುಂಚೆ ಗೆಸ್ಟ್‌ಹೌಸ್‌ಗಳು ತುಂಬಿದ್ವು, 2020ರಲ್ಲಿ ಕೋರ್ಟ್ ತೀರ್ಪಿನ ಮೇಲೆ ಒಡೆದ್ರು, ಹಾಗಾಗಿ ಹಳೇ ಮಾಹಿತಿ ಓದ್ಕೊಂಡು ಅಲ್ಲಿ ರೂಮ್ ಹುಡುಕ್ಬೇಡಿ. ಬಿದ್ರೆ ಪೆಟ್ಟಾಗ್ದಿರ್ಲಿ ಅಂತ ಕೆಳಗೆ ಹಾಸೋ ಕ್ರ್ಯಾಶ್ ಪ್ಯಾಡ್ ಆ ಕಡೆ ಬಾಡಿಗೆಗೆ ಸಿಗುತ್ತೆ, ಬೆಂಗಳೂರಿಂದ ಹೊತ್ಕೊಂಡು ಹೋಗೋ ಅಗತ್ಯ ಇಲ್ಲ. ಸ್ಮಾರಕಗಳ ಗೋಡೆ, ಮಂಟಪ, ಅದರ ಸುತ್ತಮುತ್ತ ಬಂಡೆ ಹತ್ತೋ ಸಾಹಸ ಬೇಡವೇ ಬೇಡ, ಜಾಗ ಬೇಕಾದಷ್ಟಿದೆ.

ಗದ್ದೆ ಬದು, ಬಂಡೆ ಸಂದಿ, ಕುರುಚಲು, ಹೀಗೇ ಹೋಗುತ್ತೆ ದಾರಿ. ಬಳ್ಳಾರಿ ಜಾಲಿ ಆ ಸೀಮೆ ಪೂರ್ತಿ ಹಬ್ಕೊಂಡಿದೆ, ಒಣಗಿ ಬಿದ್ದ ಕೊಂಬೆ ಮೇಲೆ ಕಾಲಿಟ್ರೆ ಮುಳ್ಳು ನೆಟ್ಟಗೆ ಸೋಲ್ ತೂರಿ ಪಾದಕ್ಕೇ. ರನ್ನಿಂಗ್ ಶೂ ಹಾಕಿದ್ದ ಹುಡುಗನಿಗೆ ಅದೇ ಆಯ್ತು, ಮೆತ್ತನೆ ಫೋಮ್ ಎಷ್ಟು ದಪ್ಪ ಇದ್ರೇನು, ಮುಳ್ಳಿಗೆ ಅದು ಬೆಣ್ಣೇನೇ. ಟ್ರೈಲ್ ಶೂಗಳಲ್ಲಿ ಕೆಲವಕ್ಕೆ ಸೋಲ್ ಒಳಗೆ ಗಟ್ಟಿ ಹಾಳೆ ಇರುತ್ತೆ, ಅದನ್ನ ರಾಕ್ ಪ್ಲೇಟ್ ಅಂತಾರೆ, ಅದಿದ್ರೆ ಪರವಾಗಿಲ್ಲ. ಮೇಲ್ಭಾಗ ಬರೀ ಜಾಲರಿ ಬಟ್ಟೆ ಇದ್ರೆ ಪಕ್ಕದಿಂದಲೂ ಚುಚ್ಚುತ್ತೆ, ಬಂಡೆ ಸಂದೀಲಿ ಕಾಲು ಸಿಕ್ಕಿಸಿ ಎಳೆದ್ರೆ ಹರಿಯುತ್ತೆ. ಹಾಗಾಗಿ ಈ ಸುತ್ತಿಗೆ ನನ್ನ ಓಟು ಚರ್ಮದ ಮೇಲ್ಭಾಗ ಇರೋದಕ್ಕೆ, ಸ್ಕಾರ್ಪಾ ಕ್ರಕ್ಸ್ ಥರ ಸ್ವೇಡ್ ಆಗ್ಲಿ, ಟಿಎಕ್ಸ್ 4 ಥರದ್ದಾಗ್ಲಿ. ಟಿಎಕ್ಸ್ 2ಗಿಂತ ಭಾರ ಜಾಸ್ತಿ, ಆದ್ರೂ ಬೂಟಿನ ಮುಂದೆ ಏನೂ ಅಲ್ಲ. ಬೆರಳಿನ ಸುತ್ತ ರಬ್ಬರ್ ಪಟ್ಟಿ ಇರುತ್ತಲ್ಲ, ರ‍್ಯಾಂಡ್, ಅದು ಎಷ್ಟು ಎತ್ತರಕ್ಕಿದ್ರೆ ಅಷ್ಟು ಬಾಳಿಕೆ.

ಹಂಪೀಲಿ ಇನ್ನೊಂದು ತಲೆನೋವು, ಈ ಶೂಗಳ ಲೇಸು ಬೆರಳ ತುದಿವರೆಗೂ ಇರುತ್ತೆ. ಹತ್ತುವಾಗ ಅದು ಬಹಳ ಒಳ್ಳೇದು, ಮುಂದೆ ಬಿಗಿ ಮಾಡಿ ಮೇಲೆ ಸಡಿಲ ಬಿಡಬಹುದು, ಆದ್ರೆ ವಿರೂಪಾಕ್ಷ ದೇವಸ್ಥಾನ, ಅಂಜನಾದ್ರಿ ಅಂತ ದಿನಕ್ಕೆ ನಾಲ್ಕು ಸಲ ಬಿಚ್ಚಿ ಕಟ್ಟೋದ್ರಲ್ಲಿ ಸಾಕಾಗಿ ಹೋಗುತ್ತೆ. ಜೊತೇಲಿ ಒಂದು ಹವಾಯಿ ಚಪ್ಪಲಿ ಇಟ್ಕೊಳ್ಳಿ, ಶೂನ ಬ್ಯಾಗಲ್ಲಿ ಹಾಕ್ಕೊಳ್ಳಿ. ಮಧ್ಯಾಹ್ನ ಕಲ್ಲು ಕಾದ ಕಾವಲಿ, ಬರಿಗಾಲಲ್ಲಿ ಪ್ರಾಂಗಣ ದಾಟೋಕೆ ಸಾಕ್ಸ್ ಬೇಕೇ ಬೇಕು. ಬಿಸಿಗೆ ಬೆರಳು ಬೆವರುತ್ತೆ, ರಬ್ಬರೂ ಮೆತ್ತಗಾಗುತ್ತೆ, ಅದಕ್ಕೇ ಹತ್ತೋರೆಲ್ಲ ಬೆಳಿಗ್ಗೆ ಒಂದಷ್ಟು ಹೊತ್ತು, ಸಂಜೆ ಒಂದಷ್ಟು ಹೊತ್ತು, ಮಧ್ಯದಲ್ಲಿ ನಿದ್ದೆ. ಸೂರ್ಯೋದಯಕ್ಕೆ ಮಾತಂಗ ಪರ್ವತ ಹತ್ತೋರು ಟಾರ್ಚ್ ಮರೀಬೇಡಿ, ಮೆಟ್ಟಿಲು ಕೆಲವು ಕಡೆ ಸವೆದು ನುಣ್ಣಗಾಗಿವೆ, ಅಲ್ಲೂ ಅಂಟೋ ಸೋಲ್ ಇದ್ದೋರು ಆರಾಮಾಗಿ ಇಳಿದ್ರು.

ಹೊಸಪೇಟೆಯಿಂದ ಬಾದಾಮಿಗೆ ಕೊಪ್ಪಳ, ಗದಗ ಮೇಲೆ ಟ್ರೈನೋ ಬಸ್ಸೋ, ಗದಗಲ್ಲಿ ಬದಲಾಯಿಸ್ಬೇಕಾಗಿ ಬರಬಹುದು. ಬಾದಾಮಿ ಸ್ಟೇಷನ್ ಊರಿಂದ ಸುಮಾರು 5 ಕಿ.ಮೀ., ಆಟೋ ಸಿಗುತ್ತೆ. ಊಟಕ್ಕೆ ಖಾನಾವಳಿ ಹುಡುಕಿ, ರೊಟ್ಟಿ ಎಣ್ಣೆಗಾಯಿ ಪಲ್ಯ, ಮಿಕ್ಕಿದ್ದು ನೀವೇ ನೋಡ್ಕೊಳ್ಳಿ.

ಇಲ್ಲಿ ಕಲ್ಲೇ ಬೇರೆ. ಗ್ರಾನೈಟ್ ಅಲ್ಲ, ಕೆಂಪು ಮರಳುಗಲ್ಲು, ನೆಟ್ಟಗೆ ನಿಂತಿರೋ ಗೋಡೆಗಳು, ಅದ್ರಲ್ಲಿ ಅಡ್ಡಡ್ಡ ಅಂಚುಗಳು, ಗುಳಿಗಳು. ಸಾವನದುರ್ಗದಲ್ಲಿ ಪಾದ ಪೂರ್ತಿ ಒತ್ತಬೇಕಾದ್ರೆ ಇಲ್ಲಿ ಬೆರಳ ತುದೀಲಿ ಅಂಚಿನ ಮೇಲೆ ನಿಲ್ಲಬೇಕು. ಅದಕ್ಕೆ ಸೋಲ್‌ನ ಮುಂಭಾಗ ಹಲ್ಲಿಲ್ದೆ ನುಣ್ಣಗಿರ್ಬೇಕು, ಕ್ಲೈಂಬಿಂಗ್ ಝೋನ್ ಅಂತಾರೆ, ಮತ್ತೆ ಆ ಭಾಗ ತೀರಾ ಬಾಗಬಾರ್ದು. ಅಂಗಡೀಲೇ ಪರೀಕ್ಷೆ ಮಾಡ್ಬಹುದು: ಮೆಟ್ಟಿಲಿನ ಅಂಚಿಗೆ ಶೂನ ಮುಂದಿನ ಒಂದಿಂಚು ಮಾತ್ರ ಇಟ್ಟು ಒಂಟಿಕಾಲಲ್ಲಿ ನಿಂತ್ಕೊಳ್ಳಿ. ಹಿಮ್ಮಡಿ ಕೆಳಕ್ಕೆ ಕುಸಿದು ಮೀನಖಂಡ ನಡುಗೋಕೆ ಶುರುವಾದ್ರೆ ಆ ಶೂ ನಡೆಯೋಕೆ ಸರಿ, ಹತ್ತೋಕಲ್ಲ. ಉಗುರಲ್ಲಿ ರಬ್ಬರ್ ಒತ್ತಿ ನೋಡಿ, ಸ್ವಲ್ಪ ಒಳಗೆ ಹೋಗಿ ನಿಧಾನಕ್ಕೆ ವಾಪಸ್ ಬರ್ಬೇಕು. ಸೇಲ್ಸ್‌ನವರು ಒಂಥರಾ ನೋಡ್ತಾರೆ, ನೋಡ್ಲಿ ಬಿಡಿ.

ಸೈಜಿನ ವಿಷಯ ಜನ ಬಹಳ ಗೊಂದಲ ಮಾಡ್ಕೋತಾರೆ. ಕ್ಲೈಂಬಿಂಗ್ ಶೂ ಥರ ಬೆರಳು ಮುದುಡೋಷ್ಟು ಬಿಗಿ ಬೇಡ, ರನ್ನಿಂಗ್ ಶೂ ಥರ ಮುಂದೆ ಹೆಬ್ಬೆರಳಗಲ ಖಾಲೀನೂ ಬೇಡ, ಇಳಿಯುವಾಗ ಬೆರಳು ಮುಂದೆ ಬಡೀದೆ ಇದ್ರೆ ಸಾಕು. ಸಂಜೆ ಹೊತ್ತು, ಕಾಲು ಸ್ವಲ್ಪ ಊದಿಕೊಂಡಿರುವಾಗ, ಹಾಕೋ ಸಾಕ್ಸೇ ಹಾಕ್ಕೊಂಡು ನೋಡಿ. ಇಟಲಿ ಶೂಗಳು ಮುಂದೆ ಸ್ವಲ್ಪ ಇಕ್ಕಟ್ಟು ಅನ್ನೋದು ನನ್ನ ಅನುಭವ, ಚಿಕ್ಕಂದಿಂದ ಚಪ್ಪಲೀಲೇ ಬೆಳೆದ ಅಗಲ ಪಾದದೋರು ಹಾಕಿ ನೋಡ್ದೆ ಆನ್‌ಲೈನಲ್ಲಿ ತರಿಸ್ಕೋಬೇಡಿ. ಗೋರ್‌ಟೆಕ್ಸ್ (ನೀರು ಒಳಗೆ ಬಿಡದ ಪದರ) ಈ ಸುತ್ತಿಗೆ ದಂಡ, ದುಡ್ಡೂ ಜಾಸ್ತಿ, ಆ ಬಿಸಿಲಲ್ಲಿ ಒಳಗೆಲ್ಲ ಬೆವರು, ಒಂದ್ಸಲ ಒದ್ದೆಯಾದ್ರೆ ಬೇಗ ಒಣಗಲ್ಲ.

ಬಾದಾಮೀಲಿ ಮಳೆ ಬಂದ ಮೇಲೆ ಒಂದೆರಡು ದಿನ ಹತ್ತಬೇಡಿ. ಮರಳುಗಲ್ಲು ನೀರು ಕುಡಿದ್ರೆ ಮೆತ್ತಗಾಗಿ ಹಿಡಿಕೆಗಳು ಮುರಿಯುತ್ವೆ, ನಿಮಗೂ ಅಪಾಯ, ರೂಟೂ ಹಾಳು. ಹತ್ತದೇ ಇರೋ ದಿನ ಗುಹೆ ನೋಡಿ, ಮೂರನೇ ಗುಹೇಲಿ 578ನೇ ಇಸವಿಯ ಮಂಗಳೇಶನ ಶಾಸನ ಇದೆ, ಆಮೇಲೆ ಅಗಸ್ತ್ಯ ತೀರ್ಥದ ಆಚೆ ಮ್ಯೂಸಿಯಂ ಪಕ್ಕದಿಂದ ಬಂಡೆ ಸಂದೀಲಿ ಹತ್ತಿ ಶಿವಾಲಯಗಳ ಕಡೆ ಹೋಗಿ. ಕೈಲಿ ಕವರ್ ಹಿಡ್ಕೊಂಡಿದ್ರೆ ಕೋತಿ ಕಿತ್ಕೊಳ್ಳುತ್ತೆ. ಶೂ ಬಿಚ್ಚಿಟ್ಟು ಗೋಡೆ ಹತ್ತೋರು ಅದನ್ನೂ ಬ್ಯಾಗೊಳಗಿಟ್ಟು ಜಿಪ್ ಹಾಕಿ, ಅನುಮಾನ ಬೇಡ.

ಕೊನೆಗೆ ದುಡ್ಡು. ಹೊರಗಿನ ಬ್ರ್ಯಾಂಡು ಹತ್ತು ಸಾವಿರದ ಮೇಲೇನೇ, ಮೆತ್ತನೆ ರಬ್ಬರ್ ಬೇಗ ಸವೆಯುತ್ತೆ ಬೇರೆ, ಆಫೀಸಿಗೆ, ಮಾರ್ಕೆಟ್ಟಿಗೆ ಡಾಂಬರ್ ರೋಡಲ್ಲಿ ಹಾಕ್ಕೊಂಡು ಓಡಾಡಿದ್ರೆ ಆ ಮುಂದಿನ ಅಂಚು ಕೆಲವೇ ತಿಂಗಳಲ್ಲಿ ದುಂಡಗಾಗುತ್ತೆ. ಬರೀ ಸಾವನದುರ್ಗ ಒಂದ್ಸಲ ಹತ್ತಿ ಬರೋರು ಇದನ್ನ ಕೊಳ್ಳೋದೇ ಬೇಡ, ಮನೇಲಿರೋ ಮೆತ್ತನೆ ಚಪ್ಪಟೆ ಸೋಲ್‌ನ ಹಳೇ ಕ್ಯಾನ್ವಾಸ್ ಶೂ ಎಷ್ಟೋ ಬೂಟಿಗಿಂತ ಚೆನ್ನಾಗಿ ಹಿಡಿಯುತ್ತೆ, ಊರಿನೋರು ಬರಿಗಾಲಲ್ಲೇ ಹರಕೆ ತೀರಿಸಿ ಇಳಿದು ಬರ್ತಾರೆ. ವರ್ಷದಲ್ಲಿ ಮೂರ್ನಾಲ್ಕು ಸಲ ಬಂಡೆ ಕಡೆ ಹೋಗೋರಿಗೆ ಮಾತ್ರ ಈ ಖರ್ಚು ಲೆಕ್ಕಕ್ಕೆ ಬರುತ್ತೆ. ಅಂಚು ಬಿಟ್ಕೊಂಡ್ರೆ ಫೆವಿಕ್ವಿಕ್ ಹಾಕ್ಬೇಡಿ, ಅದು ಒಣಗಿ ಗಾಜಿನಂಗೆ ಗಟ್ಟಿಯಾಗಿ ಎರಡೇ ದಿನಕ್ಕೆ ಬಿರುಕು ಬಿಡುತ್ತೆ, ಬಾಗೋ ರಬ್ಬರ್ ಸೊಲ್ಯೂಷನ್ ಹಾಕಿ ರಾತ್ರಿಯಿಡೀ ಭಾರ ಹೇರಿಡಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡಿಕ್ಕೀಲಿ ಬಿಡ್ಲೂಬೇಡಿ, ಅಂಟೇ ಕರಗುತ್ತೆ.

ಇದೇ ಶೂ ಹಾಕ್ಕೊಂಡು ಮಳೆಗಾಲದಲ್ಲಿ ಕುಮಾರಪರ್ವತಕ್ಕೆ ಹೋಗ್ಬಹುದಾ ಅಂತ ಕೇಳೋರಿಗೆ, ಹೋಗ್ಬೇಡಿ. ಆ ಕೆಸರು, ಒದ್ದೆ ಎಲೆ, ಬೇರುಗಳ ಮೇಲೆ ನುಣ್ಣನೆ ಸೋಲ್ ಸ್ಕೇಟಿಂಗ್ ಆಡುತ್ತೆ. ಅಲ್ಲಿಗೆ ಹಲ್ಲಿರೋ ಟ್ರೈಲ್ ಶೂನೇ ಬೇಕು, ಜೊತೆಗೆ ಜಿಗಣೆಗೆ ಉಪ್ಪು.