ಚುಚ್ಚಿದರೆ ಹೋಗದ ಗುಳ್ಳೆ: ವಿರಾಜಪೇಟೆಯ ಒಂದು ಓಟಿ (ಆಪರೇಷನ್ ಥಿಯೇಟರ್) ದಿನ

ನಾಲಿಗೆ ಮೇಲಕ್ಕೆತ್ತು ಅಂದ ಕೂಡಲೇ ಕಂಡಿತು. ಬಾಯಿಯ ತಳದಲ್ಲಿ, ಎಡಬದಿಗೆ, ಮೂರು ಸೆಂಟಿಮೀಟರ್ ಅಗಲದ ಗುಳ್ಳೆ. ತೆಳುಪೊರೆಯೊಳಗೆ ನೀಲಿ ಛಾಯೆ. ಹುಡುಗಿ ಸಿದ್ದಾಪುರದ ಕಡೆಯ ಕಾಫಿ ತೋಟದ ಲೈನ್ ಮನೆಯವಳು. ಬೇರೆ ಕಡೆ ಎರಡು ಸಲ ಸೂಜಿ ಚುಚ್ಚಿ ನೀರು ತೆಗೆಸಿದ್ದರು, ಎರಡೂ ಸಲ ಮತ್ತೆ ಊದಿತ್ತು.

"ಇನ್ನೊಂದ್ ಸಲ ಚುಚ್ಚಿದ್ರೆ ಆಗಲ್ವಾ ಡಾಕ್ಟ್ರೇ? ಕೊಯ್ಲು ಶುರುವಾಗಿದೆ," ಅಂದರು ಅವಳ ಅಮ್ಮ.

ಆಗಲ್ಲ ಅಮ್ಮ. ಒಳಗಿರುವುದು ನೀರಲ್ಲ, ಮೊಟ್ಟೆಯ ಬಿಳಿಯಂತೆ ಅಂಟುವ ಜೊಲ್ಲು. ನಾಲಿಗೆ ಕೆಳಗಿನ ಜೊಲ್ಲುಗ್ರಂಥಿ ಊಟವಿರಲಿ ಬಿಡಲಿ, ಹಗಲು ರಾತ್ರಿ ಸುರಿಸುತ್ತಲೇ ಇರುತ್ತದೆ. ಅದರ ಸಣ್ಣ ನಾಳವೊಂದು ಒಡೆದರೆ ಜೊಲ್ಲು ಅಂಗಾಂಶದೊಳಗೆ ಸೋರಿ ನಿಲ್ಲುತ್ತದೆ. ಇದೇ ರಾನುಲಾ. ನಿಜವಾದ ಸಿಸ್ಟಿಗೆ (ದ್ರವ ತುಂಬಿದ ಚೀಲದಂಥ ಗಡ್ಡೆಗೆ) ಇರುವ ಒಳಪದರ ಇದಕ್ಕಿಲ್ಲ. ಹಾಗಾಗಿ ಚೀಲಕ್ಕೆ ಎಷ್ಟು ಚಿಕಿತ್ಸೆ ಮಾಡಿದರೂ ಸೋರುವ ಗ್ರಂಥಿ ಉಳಿದರೆ ಗುಳ್ಳೆ ಮರಳಿ ಬರುತ್ತದೆ. ಮೇಲ್ಪೊರೆ ಕತ್ತರಿಸಿ ಅಂಚು ಹೊಲಿದು ಗುಳ್ಳೆಯ ಬಾಯಿ ತೆರೆದಿಡುವ ಮಾರ್ಸುಪಿಯಲೈಸೇಷನ್ ಸುಲಭವೇನೋ ಹೌದು, ಅಂಚುಗಳು ಕೂಡಿಕೊಂಡರೆ ಕಥೆ ಮೊದಲಿಗೇ ಬರುತ್ತದೆ. ಎರಡು ಸಲ ಮರಳಿದ ಮೇಲೂ ಅದನ್ನೇ ಮಾಡುವುದು ನಮ್ಮ ಪ್ರಕಾರ ಸಮಯ ದಂಡ. ಗ್ರಂಥಿಯನ್ನೇ ತೆಗೆಯಬೇಕು. (ಎಳೆಮಕ್ಕಳ ಸಣ್ಣ ಗುಳ್ಳೆಯಾದರೆ ಕೆಲವು ತಿಂಗಳು ಕಾಯಬಹುದು, ತಾನಾಗಿ ಹೋಗುವುದುಂಟು.)

ಕತ್ತರಿಸುವ ಮುಂಚೆ ಒಂದು ಬೆರಳು ಬಾಯೊಳಗೆ, ಇನ್ನೊಂದು ಕೈ ಗದ್ದದ ಕೆಳಗಿಟ್ಟು ಒತ್ತಿ ನೋಡಲೇಬೇಕು. ಬಾಯಿತಳದ ಸ್ನಾಯುವಿನ ಸಂದಿನಿಂದ ಜೊಲ್ಲು ಕುತ್ತಿಗೆಗೂ ಇಳಿದಿರಬಹುದು, ಅಲ್ಟ್ರಾಸೌಂಡಿನಲ್ಲಿ ಗೊತ್ತಾಗುತ್ತದೆ. ಸರಿಮಧ್ಯದಲ್ಲಿ ಹಿಟ್ಟುಹಿಟ್ಟಾಗಿ ಸಿಗುವ ಗಡ್ಡೆ ಡರ್ಮಾಯ್ಡ್ (ಚರ್ಮದಂಥ ಒಳಪದರವಿರುವ ಸಿಸ್ಟ್) ಇರಬಹುದು. ಊಟಕ್ಕೆ ಕೂತಾಗಲೆಲ್ಲ ನೋವು, ಊತ ಬಂದರೆ ನಾಳದಲ್ಲಿ ಕಲ್ಲಿದೆಯೇ ನೋಡಬೇಕು. ಎಲೆಅಡಿಕೆ, ತಂಬಾಕು ಜಗಿಯುವವರಲ್ಲಿ ಗಟ್ಟಿ ಗಡ್ಡೆಯೋ ಆರದ ಹುಣ್ಣೋ ಕಂಡರೆ ಕ್ಯಾನ್ಸರ್ ಇದೆಯೇ ತಿಳಿಯಲು ಮೊದಲು ಬಯಾಪ್ಸಿ (ಚೂರು ತೆಗೆದು ಪರೀಕ್ಷೆ).

ಆಪರೇಷನ್ ದಿನ ಊಟ, ಹಾಲು ಆರು ಗಂಟೆ ಮೊದಲೇ ನಿಲ್ಲಬೇಕು, ನೀರು ಎರಡು ಗಂಟೆ ಮೊದಲು. ಹಾಲಿಲ್ಲದ ಬೆಲ್ಲದ ಕಾಫಿ ನೀರಿನ ಲೆಕ್ಕಕ್ಕೇ ಸೇರುತ್ತದೆ. ಆದರೂ ನಾವು ಒಪ್ಪುವುದಿಲ್ಲ. ಒಂದು ಚೂರು ಹಾಲು ಬಿತ್ತೋ ಇಲ್ಲವೋ ಎಂಬ ವಾದ ಓಟಿ ಬಾಗಿಲಲ್ಲಿ ಯಾಕೆ?

ಉಸಿರಿನ ಟ್ಯೂಬು ಮೂಗಿನಿಂದ, ಬಾಯಿ ನಮಗೆ ಖಾಲಿ. ಗಂಟಲಿಗೆ ಗಾಜ್ ಬಟ್ಟೆಯ ಪ್ಯಾಕ್ ಇಟ್ಟು ಬೋರ್ಡಿನ ಮೇಲೆ ಬರೆದರು; ಕೊನೆಗೆ ತೆಗೆಯಲು ಮರೆತರೆ ಉಸಿರೇ ಕಟ್ಟುತ್ತದೆ. ನಾಲಿಗೆ ತುದಿಗೆ ರೇಷ್ಮೆ ದಾರ ಹಾಕಿ ಬಲಕ್ಕೆ ಎಳೆದು ಹಿಡಿದದ್ದಾಯಿತು. ಆಮೇಲೆ ಕಣ್ಣೀರಿನ ನಾಳಕ್ಕೆ ಬಳಸುವ ತೆಳು ಪ್ರೋಬನ್ನು (ಲೋಹದ ಕಡ್ಡಿ) ವಾರ್ಟನ್ ನಾಳದೊಳಗೆ ತೂರಿಸಿದೆವು. ದವಡೆ ಕೆಳಗಿನ ದೊಡ್ಡ ಗ್ರಂಥಿಯ ಜೊಲ್ಲು ಬರುವುದು ಈ ನಾಳದಿಂದ. ಒಳಗೆ ಪ್ರೋಬ್ ಇದ್ದರೆ ನಾಳ ಬೆರಳಿಗೆ ಸಿಗುತ್ತದೆ, ಕತ್ತರಿಗೆ ಸಿಗುವುದಿಲ್ಲ.

ರಕ್ತಸ್ರಾವ ತಗ್ಗಿಸುವ ಅಡ್ರಿನಲಿನ್ ಬೆರೆಸಿದ, ಮರಗಟ್ಟಿಸುವ ಲಿಗ್ನೊಕೇನ್ ಚುಚ್ಚಿ, ನಾಳದ ಹೊರಬದಿಗೆ, ಅದಕ್ಕೆ ಸಮಾನಾಂತರವಾಗಿ ಲೋಳೆಪೊರೆಯನ್ನಷ್ಟೇ ಸೀಳಿದೆವು. ಮುಂದಿನದು ಮೊಂಡು ಕತ್ತರಿಯ ಕೆಲಸ. ದವಡೆ ಬದಿ ಸಲೀಸಾಗಿ ಬಿಡಿಸಿಕೊಂಡಿತು. ಒಳಬದಿಯಲ್ಲಿ ಅವಸರ ನಡೆಯದು: ಹಿಂದಿನ ದವಡೆಹಲ್ಲುಗಳ ಹತ್ತಿರ ನಾಲಿಗೆಯ ಸ್ಪರ್ಶನರ ಹೊರಗಿನಿಂದ ಬಂದು, ನಾಳದ ಅಡಿಯಲ್ಲಿ ದಾಟಿ, ನಾಲಿಗೆಯತ್ತ ಹೋಗುತ್ತದೆ. ಬೆಳ್ಳಗಿನ ಆ ಹುರಿಯನ್ನು ಕಣ್ಣಾರೆ ಕಾಣುವ ತನಕ ಅಲ್ಲಿ ಏನನ್ನೂ ಕತ್ತರಿಸಬಾರದು, ಸುಡಲೂಬಾರದು. ಅರ್ಧದಲ್ಲಿ ಗುಳ್ಳೆ ಒಡೆಯಿತು. ಚಿಂತೆಯಿಲ್ಲ, ಗೋಡೆ ಒಂದಿಷ್ಟು ಉಳಿದರೂ ನಡೆಯುತ್ತದೆ. ಹಿಂಬದಿಯಲ್ಲಿ ಗ್ರಂಥಿಯ ತುಣುಕು ಉಳಿದರೆ ನಡೆಯದು.

ಮುಚ್ಚುವ ಮೊದಲು ದವಡೆ ಕೆಳಗೆ ಒತ್ತಿದಾಗ ನಾಳದ ಬಾಯಲ್ಲಿ ತಿಳಿಜೊಲ್ಲು ಬಂತು. ನಾಳ ಕ್ಷೇಮ. 4-0 ವಿಕ್ರಿಲ್ ಎಂಬ ತೆಳು ದಾರದಲ್ಲಿ ಸಡಿಲವಾಗಿ ನಾಲ್ಕು ಹೊಲಿಗೆ, ಪೊರೆಗಷ್ಟೇ. ಸೂಜಿ ಆಳಕ್ಕೆ ಹೋಗಿ ನಾಳ ಸಿಕ್ಕಿಕೊಂಡರೆ ಊಟದ ಹೊತ್ತಿಗೆಲ್ಲ ದವಡೆ ಕೆಳಗೆ ಊದುತ್ತದೆ. ಗ್ರಂಥಿ, ಗುಳ್ಳೆಯ ಗೋಡೆ ಎರಡನ್ನೂ ಪರೀಕ್ಷೆಗೆ ಪೆಥಾಲಜಿ ಲ್ಯಾಬಿಗೆ ಕಳಿಸಿದೆವು.

ಸಂಜೆ ಮನೆಗೆ ಕಳಿಸಿ ಎಂದು ಅಮ್ಮನ ಒತ್ತಾಯ. ಮೊದಲ ರಾತ್ರಿ ಬಾಯಿತಳದಲ್ಲಿ ರಕ್ತ ಕಟ್ಟಿದರೆ ನಾಲಿಗೆ ಮೇಲೆದ್ದು ಉಸಿರಿಗೇ ಅಡ್ಡ ಬರುತ್ತದೆ. ಮಾತು ದಪ್ಪವಾಗುವುದು, ಜೊಲ್ಲು ನುಂಗಲಾಗದಿರುವುದು, ಮಲಗಲಾಗದೆ ಎದ್ದು ಕೂರುವುದು ಅದರ ಲಕ್ಷಣ. ಆಗ ಹೊಲಿಗೆ ಬಿಚ್ಚಿ ಹೆಪ್ಪು ತೆಗೆಯಲು ನಿಮಿಷಗಳಷ್ಟೇ ಇರುತ್ತವೆ. ಸಿದ್ದಾಪುರದ ತೋಟದ ದಾರಿಯಲ್ಲಿ ಕತ್ತಲಾದ ಮೇಲೆ ಆನೆ ಅಡ್ಡ ನಿಂತರೆ ಜೀಪು ಎಲ್ಲಿಗೂ ಹೋಗದು. ಆ ಮಾತಿಗೆ ಅವರು ಒಪ್ಪಿದರು.

ಬೆಳಗ್ಗೆ ಹತ್ತಿ ಮುಟ್ಟಿಸಿದಾಗ ನಾಲಿಗೆಯ ಎಡತುದಿ ಸ್ವಲ್ಪ ಮರಗಟ್ಟಿತ್ತು. ನರ ಎಳೆತಕ್ಕೆ ಸಿಕ್ಕಿದ್ದಷ್ಟೇ ಆದರೆ ವಾರಗಳಲ್ಲೋ ತಿಂಗಳುಗಳಲ್ಲೋ ಸರಿಹೋಗುತ್ತದೆ. ಅಲ್ಲಿಯವರೆಗೆ ಬಿಸಿ ಕಾಫಿ ಬೇಡ, ಸುಟ್ಟರೂ ಗೊತ್ತಾಗುವುದಿಲ್ಲ. ಆರಿದ ಗಂಜಿ, ಆಮೇಲೆ ಹಾಲಲ್ಲಿ ನೆನೆಸಿದ ನೂಲ್‌ಪುಟ್ಟು (ಅಕ್ಕಿ ಶಾವಿಗೆ). ಗಾಯ ಮಾಯುವ ತನಕ ಕಾಳುಮೆಣಸು, ಕಾಚಂಪುಳಿ (ಕೊಡಗಿನ ಗಟ್ಟಿ ಹುಳಿರಸ) ಹಾಕಿದ ಸಾರು ದೂರ. ಉರಿಯುವುದು ಒಂದು, ಹುಳಿಗೆ ಜೊಲ್ಲು ಉಕ್ಕಿ ಊದಿದ ನಾಳದ ಮೇಲೆ ಒತ್ತಡ ಬೀಳುವುದು ಇನ್ನೊಂದು. ಲೋಟ ಉಗುರುಬೆಚ್ಚನೆ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಊಟದ ನಂತರ ಮೆಲ್ಲಗೆ ಬಾಯಿ ತೊಳೆಯಬೇಕು. ದಾರ ತಾನಾಗಿ ಕರಗುತ್ತದೆ. ಹೊಲಿಗೆ ಬಿಚ್ಚಿಸಲು ಬರಬೇಕಿಲ್ಲ, ಆದರೆ ಗುಳ್ಳೆ ಮತ್ತೆ ಎದ್ದಿದೆಯೇ ಎಂದು ತೋರಿಸಲು ಒಂದು ವರ್ಷದವರೆಗೆ ಆಗಾಗ ಬರಲೇಬೇಕು ಎಂದು ಚೀಟಿಯ ಮೇಲೆ ದಪ್ಪಕ್ಷರದಲ್ಲಿ ಬರೆದುಕೊಟ್ಟೆವು.