ಮೊದಲ ದಿನದ ಬಿಸಿನೀರಿನ ಚೀಲ

ಮುಟ್ಟಿನ ಮೊದಲ ದಿನ ನನಗೆ ಕಿಬ್ಬೊಟ್ಟೆ ಹಿಂಡಿದ ಹಾಗೆ ನೋವು, ತೊಡೆಯವರೆಗೂ ಇಳಿಯುತ್ತದೆ. ಪ್ರೊಸ್ಟಾಗ್ಲಾಂಡಿನ್ ಎಂಬ, ದೇಹವೇ ತಯಾರಿಸುವ ರಾಸಾಯನಿಕ ಹೆಚ್ಚಾದಾಗ ಗರ್ಭಕೋಶದ ಸ್ನಾಯು ಬಿಗಿಯಾಗಿ, ಅಲ್ಲಿಗೆ ರಕ್ತದ ಹರಿವು ತಗ್ಗಿ ಹೀಗಾಗುತ್ತದಂತೆ. ಅದು ತಿಳಿದ ಮೇಲೆ ಶಾಖದ ಮೇಲೆ ನಂಬಿಕೆ ಬಂತು.

ಬಿಸಿನೀರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿ ಹೊಕ್ಕುಳಿನ ಕೆಳಗಿಟ್ಟುಕೊಂಡು, ಮಂಡಿ ಮಡಚಿ, ಪಕ್ಕಕ್ಕೆ ತಿರುಗಿ 20 ನಿಮಿಷ ಮಲಗುತ್ತೇನೆ. ಸುಮಾರು 40 ಡಿಗ್ರಿ ಸೆಲ್ಸಿಯಸ್ ಸಾಕು. ಒಮ್ಮೆ ಕುದಿನೀರು ತುಂಬಿ ಬರಿಮೈಗೆ ಇಟ್ಟುಕೊಂಡು ಚರ್ಮ ವಾರವಿಡೀ ಉರಿದಿತ್ತು. ದಯವಿಟ್ಟು ಹಾಗೆ ಮಾಡಬೇಡಿ.

ನೋವು ತುಸು ಇಳಿದರೆ ಬಾಲಾಸನ (ಮಂಡಿಯೂರಿ ಮುಂದಕ್ಕೆ ಬಾಗಿ ಹಣೆಯನ್ನು ನೆಲಕ್ಕಿಡುವ ಯೋಗಾಸನ), ನಿಧಾನವಾದ ಉಸಿರು. ಉಳಿದ ದಿನಗಳಲ್ಲಿ ನಡಿಗೆ ತಪ್ಪಿಸುವುದಿಲ್ಲ.

ಆದರೆ ನೋವು ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ ಸಹಿಸಿಕೊಂಡು ಕೂರಬೇಡಿ. ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ಕಾಯಿಲೆ) ಇರಬಹುದು, ವೈದ್ಯರಿಗೆ ತೋರಿಸಿ.