ಅಣ್ಣನ ಫಾಸ್ಟ್ ಹಾಡು

19 ಆಗಸ್ಟ್ 2023, ಶನಿವಾರ

ಕಾಲು ನೋವು. ಲಂಡನ್ನಿನ ಕಿಂಗ್ಸ್ ರೋಡಿನಲ್ಲಿ ಕೆಲಸ ಮುಗಿಸಿ 22ನೇ ನಂಬರ್ ಬಸ್ ಹತ್ತಿದೆ. ಮೇಲ್ಗಡೆ, ಮುಂದಿನ ಸೀಟೇ ಸಿಕ್ಕಿತು. ಉಳಿದ ದಿನದ ಬಗ್ಗೆ ಬರೆಯುವಂಥದ್ದೇನೂ ಇಲ್ಲ.

ಕೂತ ಮೇಲೆ ತಾರೀಖು ನೆನಪಾಯಿತು. 1981ರಲ್ಲಿ ಇದೇ ದಿನ, ಇದೇ ರಸ್ತೆಯ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ನೀಲ್ ಟೆನೆಂಟ್ ಮತ್ತು ಕ್ರಿಸ್ ಲೋ ಪರಿಚಯವಾಗಿದ್ದು. ನೀಲ್ ತನ್ನ ಸಿಂಥಸೈಜರಿಗೆ ಒಂದು ವೈರ್ ಕೊಳ್ಳೋಕೆ ಹೋಗಿದ್ದನಂತೆ. ವೈರ್ ತರೋಕೆ ಹೋದವನು ಪೆಟ್ ಶಾಪ್ ಬಾಯ್ಸ್ ಅನ್ನೋ ಬ್ಯಾಂಡನ್ನೇ ಕಟ್ಟಿಕೊಂಡು ಬಂದ! ಸುಮ್ನೆ ಇರಲಾರದೆ ಮೈಸೂರಿಗೆ, ಅಣ್ಣನಿಗೆ, ಅವರ 'ವೆಸ್ಟ್ ಎಂಡ್ ಗರ್ಲ್ಸ್' ಹಾಡು ಕಳಿಸಿದೆ. ಬಸ್ಸು ಸ್ಲೋನ್ ಸ್ಕ್ವೇರ್ ದಾಟುವಷ್ಟರಲ್ಲಿ ಫೋನ್ ಬಂತು.

"ಇದಲ್ಲ ಕಣೇ. ನಮ್ಮದು ಫಾಸ್ಟ್ ಇತ್ತು."

ನನಗೆ ಖುಷಿಯೋ ಖುಷಿ. ಗೊತ್ತಿರೋದನ್ನು ಹೇಳೋಕೆ ಜನ ಸಿಗೋದೇ ಅಪರೂಪ. ಶುರು ಹಚ್ಚಿಕೊಂಡೆ. ಈ ಹಾಡು ಎರಡು ಸಲ ಹುಟ್ಟಿದ್ದು ಅಣ್ಣ. ನೀಲ್ ಆಗ 'ಸ್ಮ್ಯಾಶ್ ಹಿಟ್ಸ್' ಪತ್ರಿಕೆಯಲ್ಲಿದ್ದ. 1983ರಲ್ಲಿ ಗಾಯಕ ಸ್ಟಿಂಗ್‌ನ ಸಂದರ್ಶನಕ್ಕೆ ಅಂತ ನ್ಯೂಯಾರ್ಕಿಗೆ ಹೋದವನು, ತನಗಿಷ್ಟವಾದ ಬಾಬಿ ಒರ್ಲ್ಯಾಂಡೋ ಎಂಬ ಪ್ರೊಡ್ಯೂಸರನ್ನು ಊಟಕ್ಕೆ ಹಿಡಿದ. ಅಲ್ಲೇ ರೆಕಾರ್ಡೂ ಆಯಿತು. 1984ರ ಏಪ್ರಿಲ್‌ನಲ್ಲಿ ಹೊರಬಂತು. ಅಮೆರಿಕದ ಕೆಲವು ಕ್ಲಬ್ಬುಗಳಲ್ಲಿ ಕುಣಿದರು, ಇಲ್ಲಿನ ಹಾಡುಗಳ ಪಟ್ಟಿಯಲ್ಲಿ 121ನೇ ಜಾಗ. ಕೇಳುವವರಿಲ್ಲ. ಆಮೇಲೆ ಸ್ಟೀಫನ್ ಹೇಗ್ ಎಂಬ ಇನ್ನೊಬ್ಬ ಪ್ರೊಡ್ಯೂಸರ್ ಬಂದು ಅದನ್ನೇ ಸ್ವಲ್ಪ ನಿಧಾನ ಮಾಡಿ, ಕತ್ತಲು ತುಂಬಿ ಮತ್ತೆ ಮಾಡಿದ. 1986ರ ಜನವರಿಯಲ್ಲಿ ಇಲ್ಲಿ ಒಂದನೇ ನಂಬರ್, ಮೇ ತಿಂಗಳಲ್ಲಿ ಅಮೆರಿಕದಲ್ಲೂ. ನೀನು ಕೇಳಿದ್ದು ಮೊದಲನೇದು ಇರಬೇಕು, ತಾಳು.

ಕಳಿಸಿದೆ. ಕೇಳಿದ.

"ಇದೂ ಅಲ್ಲ. ಬೂಟಿನ ಸದ್ದೆಲ್ಲಿ?"

ಬೂಟಿನ ಸದ್ದು, ಬೀದಿಯ ಗದ್ದಲ ಎಲ್ಲ ಹೇಗ್ ಸೇರಿಸಿದ್ದು. ಅಣ್ಣನಿಗೆ ಬೂಟೂ ಬೇಕು, ಫಾಸ್ಟೂ ಬೇಕು. ಅಂಥದ್ದು ಇಲ್ಲ ಅಂದೆ. "ಹೋಗೇ, ಲಂಡನ್ನಿಗೆ ಹೋದ ಮಾತ್ರಕ್ಕೆ ನನ್ನ ಕಿವಿ ಕೆಟ್ಟೋಯ್ತಾ?" ಅಂದ. ಜಗಳ. ಪಕ್ಕದಲ್ಲಿದ್ದ ಅಜ್ಜಿ ಎರಡು ಸಲ ತಿರುಗಿ ನೋಡಿದಳು. ನಾವು ಆಗ ಮನೆಯಲ್ಲಿ ಕೇಳುತ್ತಿದ್ದ ಕ್ಯಾಸೆಟ್ ಅವನ ಗೆಳೆಯ ಬೆಂಗಳೂರಿನಿಂದ ತುಂಬಿಸಿಕೊಂಡು ತಂದಿದ್ದು. ಹಾಡಿನಲ್ಲಿ ಜಿನೀವಾ ಸರೋವರ, ಫಿನ್ಲೆಂಡ್ ಸ್ಟೇಷನ್ ಎರಡೂ ಬರುತ್ತವಲ್ಲ, ಅದು ಲೆನಿನ್ ರಷ್ಯಾಕ್ಕೆ ವಾಪಸಾದ ದಾರಿ ಅಂತ ಅಣ್ಣ ಊಟದ ಹೊತ್ತಿನಲ್ಲೂ ಭಾಷಣ ಮಾಡುತ್ತಿದ್ದ. ಅಪ್ಪ ಅನ್ನ ಕಲಸೋದು ಬಿಟ್ಟು ನೋಡುತ್ತಿದ್ದರು.

ಆಮೇಲೆ ಅಣ್ಣನೇ ಹೇಳಿದ. "ನಮ್ಮ ಕ್ಯಾಸೆಟ್ಟಿನಲ್ಲಿ ಹಾಡೋನದು ಸಣ್ಣ ಹುಡುಗನ ದನಿ ಇತ್ತು ಕಣೇ. ಇಲ್ಲಿ ಗಂಡಸಿನ ಥರ ಇದೆ."

ನನಗೆ ಮಾತೇ ಹೊರಡಲಿಲ್ಲ.

ನಮ್ಮ ಟೂ-ಇನ್-ವನ್, ರೇಡಿಯೋ ಮತ್ತು ಟೇಪ್ ಎರಡೂ ಇದ್ದದ್ದು. ಅದು ಎಳೆಯುತ್ತದೆ ಅಂತ ಒಂದು ಸಲ ರೇಡಿಯೋ ರಿಪೇರಿಯವರಿಗೆ ಕೊಟ್ಟಿದ್ದೆವು. ಮೋಟಾರಿನ ಹಿಂದೆ ಒಂದು ಸಣ್ಣ ತೂತು, ಒಳಗೊಂದು ಸ್ಕ್ರೂ. ತಿರುಗಿಸಿದರೆ ಸ್ಪೀಡ್ ಬದಲಾಗುತ್ತದೆ. ಅವರು ತಿರುಗಿಸಿದ್ದು ಜಾಸ್ತಿಯಾಯಿತು. ಅಮ್ಮ ದೇವರನಾಮದ ಕ್ಯಾಸೆಟ್ ಹಾಕಿದಾಗೆಲ್ಲ "ಇವರಿಗೇನು, ರೈಲಿಗೆ ಹೊತ್ತಾಯ್ತಾ?" ಅನ್ನುತ್ತಿದ್ದಳು. ವಾಪಸ್ ಕೊಡಬೇಕು, ಕೊಡಬೇಕು ಅಂತ ಹಾಗೇ ಉಳಿಯಿತು. ಅಣ್ಣ ಸರಿ. ಅವನು ಕೇಳಿದ ಹಾಡು ಇತ್ತು. ನಮ್ಮ ಮನೆಯಲ್ಲಿ ಮಾತ್ರ ಇತ್ತು.

ಅಷ್ಟೇ ಆಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ.

ಅಮ್ಮ ಹಾಡಿದ ಟೇಪ್ ಇದೆ ಅಲ್ವಾ, ಅಡುಗೆಮನೆಯಲ್ಲಿ ಗೊತ್ತಿಲ್ಲದ ಹಾಗೆ ಅಣ್ಣ ರೆಕಾರ್ಡ್ ಮಾಡಿದ್ದು? ಅವಳು ಹೋದ ಮೇಲೆ ಅದನ್ನು ಕಂಪ್ಯೂಟರಿಗೆ ಹಾಕಿಸಿದ್ದೆ. ಕೇಳಿದಾಗ ದನಿ ದಪ್ಪ, ಹಾಡು ಎಳೆದ ಹಾಗೆ. ಆ ದಿನ ನೆಗಡಿ ಇತ್ತೇನೋ ಅಂದುಕೊಂಡೆವು. ಹಿಂದುಗಡೆ ಕುಕ್ಕರ್ ಕೂಗುವುದಂತೂ ಹಡಗು ಹೊರಟ ಹಾಗೆ. ಅದನ್ನು ಕೇಳಿ ನಕ್ಕೂ ಇದ್ದೆವು. ಓಡುವ ಮೆಶೀನಿನಲ್ಲಿ ರೆಕಾರ್ಡ್ ಮಾಡಿದ್ದನ್ನು ಸರಿಯಾದ ಮೆಶೀನಿನಲ್ಲಿ ಹಾಕಿದರೆ ನಿಧಾನವೇ ಕೇಳುತ್ತದೆ. ಇಷ್ಟು ವರ್ಷ ಹೊಳೆಯಲೇ ಇಲ್ಲ.

"ಅಣ್ಣ, ನಿನಗೆ ನೆನಪಿರೋ ಹಾಗೆ 'ವೆಸ್ಟ್ ಎಂಡ್ ಗರ್ಲ್ಸ್' ಒಂದ್ಸಲ ಗುನುಗು."

"ಬಸ್ಸಲ್ಲಾ?"

"ನಾನು ಬಸ್ಸಲ್ಲಿರೋದು. ನೀನು ಗುನುಗು."

ಗುನುಗಿದ. ರೆಕಾರ್ಡ್ ಮಾಡಿಕೊಂಡೆ. ಮನೆಗೆ ಬಂದು ಹೇಗ್ ಮಾಡಿದ ಹಾಡನ್ನು ಲ್ಯಾಪ್‌ಟಾಪಿಗೆ ಹಾಕಿ, ಅಣ್ಣನ ಗುನುಗಿಗೆ ಕೂಡುವ ತನಕ ಸ್ಪೀಡ್ ಏರಿಸುತ್ತಾ ಹೋದೆ. ನೂರಕ್ಕೆ ಆರು ಜಾಸ್ತಿ ಮಾಡಿದಾಗ ಕೂಡಿತು. ಶ್ರುತಿ ಅರ್ಧ ಮನೆ ಮೇಲೆ.

ಅಮ್ಮನ ಫೈಲಿಗೂ ಅದೇ ಆರು ಹಾಕಿದೆ. ಕುಕ್ಕರ್ ಕೂಗುವ ಜಾಗ ಮಾತ್ರ ಕೇಳಿದೆ. ಅದು ನಮ್ಮ ಮನೆಯ ಕುಕ್ಕರೇ. ಎರಡನೇ ಕೂಗು ಆದ ಮೇಲೆ ಅಮ್ಮ ಶುರು ಮಾಡುತ್ತಾಳೆ. ನಾನಿಲ್ಲದೆ ಕೇಳಬೇಡ ಅಂದಿದ್ದಾನೆ ಅಣ್ಣ. ಮೈಸೂರಿನಲ್ಲಿ ಈಗ ರಾತ್ರಿ ಎರಡು ಗಂಟೆ. ಅವನೂ ಮಲಗಿರಲಿಕ್ಕಿಲ್ಲ, ಫೋನ್ ಮಾಡಿದರೆ